ಬೀರಸಿದ್ದಪ್ಪನ ಪರಕಾರ

ಶೆಟ್ಟೆವ್ವ ಐದು ಗಂಡುಮಕ್ಕಳನ್ನು ಹೆತ್ತಳು, ಐದನ್ನೂ ಮಣ್ಣಿಗೆ ಕೊಟ್ಟಳು. ಒಂದಕ್ಕೆ ಮೈಲಿಬೇನೆ, ಎರಡಕ್ಕೆ ವಾಂತಿಭೇದಿ, ಇನ್ನೆರಡಕ್ಕೆ ಏನಾಯಿತೆಂದು ಹೇಳುವವರೇ ಇರಲಿಲ್ಲ. ಮೊಲೆ ಕುಡಿದು ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತು. ತುಕ್ಕಾನಟ್ಟಿಯ ಜನ ಮೊದಮೊದಲು ಅಯ್ಯೋ ಎಂದರು, ಮೂರನೆಯದರ ಹೊತ್ತಿಗೆ ಮಾತು ಕಡಿಮೆ ಮಾಡಿದರು. ಐದನೆಯದು ಹೋದ ಮೇಲೆ ಓಣಿಯಲ್ಲಿ ಯಾರ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಅವಳಿಗೆ ಕರೆ ಬರುವುದು ನಿಂತಿತು. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಆರನೆಯದು ಹುಟ್ಟಿದ್ದು ಮೂವತ್ತೈದನೆಯ ಇಸವಿಯ ದಸರೆಯ ಸುಮಾರಿಗೆ. ಸೂಲಗಿತ್ತಿ "ಗಂಡು" ಎಂದು ಬಾಯಿ ತೆರೆಯುವಷ್ಟರಲ್ಲಿ ಶೆಟ್ಟೆವ್ವ ಅವಳ ಬಾಯಿ ಮುಚ್ಚಿದಳು. ಅದೇ ದಿನ ಕೂಸನ್ನು ಹಳೆಯ ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟರು. ಬಾಜೂಮನೆಯ ಇಂದ್ರವ್ವ ದಾರಿಹೋಕಳಂತೆ ಬಂದು, ಯಾರೋ ಬಿಟ್ಟುಹೋದ ಹೆಣ್ಣುಕೂಸು ಸಿಕ್ಕಿತೆಂದು ಎತ್ತಿಕೊಂಡು, ಒಂದು ಸೇರು ತೌಡಿಗೆ ಅದನ್ನು ಶೆಟ್ಟೆವ್ವನಿಗೇ ಮಾರಿದಳು. ಹನ್ನೆರಡನೆಯ ದಿನ ಮೂಗು ಚುಚ್ಚಿದರು. ನಡೆಯಲು ಕಲಿತ ಮೇಲೆ ಹುಡುಗಿಯರು ಉಡುವ ಲಂಗ, ಪರಕಾರ ಉಡಿಸಿ, ಖಣದ ಪೋಲ್ಕಾ ತೊಡಿಸಿ, ಹೆರಳು ಹಾಕಿದರು. ಮಕ್ಕಳು ಉಳಿಯದ ಮನೆಯಲ್ಲಿ ಹೀಗೆ ಮಾಡುವುದು ಆ ಸೀಮೆಗೆ ಹೊಸದಲ್ಲ. ಗಂಡುಮಗುವನ್ನು ಹುಡುಕಿಕೊಂಡು ಬಂದ ಸಾವು ಹೆಣ್ಣನ್ನು ಕಂಡು ಹೊಸ್ತಿಲಿನಿಂದಲೇ ತಿರುಗಿ ಹೋಗಲಿ ಎಂಬುದು ಅದರ ಹಿಂದಿನ ಲೆಕ್ಕ. ಸಾವಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ನಗುವವರು ನಗಲಿ. ಐದು ಗುಂಡಿ ತೋಡಿಸಿದವಳ ಮುಂದೆ ಮಾತ್ರ ನಗಬಾರದು.

ಹರಕೆ ಕಟ್ಟಿದ್ದು ಊರ ದ್ಯಾಮವ್ವನ ಗುಡಿಯಲ್ಲಿ, ಪೂಜಾರಿ ಲಗಮಪ್ಪನ ಎದುರಿಗೆ. ಹನ್ನೆರಡು ವರ್ಷ ತುಂಬುವವರೆಗೆ ಹುಡುಗನ ಮೈಗೆ ಗಂಡಸಿನ ಬಟ್ಟೆ ತಾಕಬಾರದು. ಪರಕಾರ ಬದಲಿಸುವಾಗಲೂ ಹೊಸದು ಏರಿದ ಮೇಲೆಯೇ ಹಳೆಯದು ಇಳಿಯಬೇಕು; ಒಂದು ಗಳಿಗೆಯೂ ನಡು ಬರಿದಾಗಬಾರದು. ವರ್ಷ ತುಂಬಿದ ದಿನ ಗುಡಿಯ ಮುಂದೆ, ಉಡಿಸಿದ ತಾಯಿಯೇ ತನ್ನ ಬಲಗೈಯಿಂದ ಲಾಡಿ ಬಿಚ್ಚಬೇಕು, ಸೋದರಮಾವ ಧೋತರ ಕೊಡಬೇಕು. ಬೇರೆ ಕೈ ಬಿಚ್ಚಿದರೂ, ಬೇರೆ ಜಾಗದಲ್ಲಿ ಬಿಚ್ಚಿದರೂ ದೇವಿ ಆ ಮನೆಯಿಂದ ಒಂದು ಜೀವ ಎತ್ತಿಕೊಳ್ಳುತ್ತಾಳೆ. ಇಷ್ಟು ಹೇಳಿ ಲಗಮಪ್ಪ ಹಣೆಗೆ ಭಂಡಾರ ಹಚ್ಚಿದ. ಶೆಟ್ಟೆವ್ವ ಎಲ್ಲಕ್ಕೂ ಹೂಂ ಎಂದಳು. ಕೂಸು ಉಳಿಯುವುದಾದರೆ ಆ ಹೊತ್ತಿಗೆ ಅವಳು ಯಾವುದಕ್ಕೂ ಹೂಂ ಎನ್ನುತ್ತಿದ್ದಳು.

ಹೆಸರನ್ನು ಬೀರಸಿದ್ದಪ್ಪ ಎಂದು ದೇವರ ಮುಂದಷ್ಟೇ ಹೇಳಿದರು. ಊರು ಕರೆದದ್ದು ಬೀರವ್ವ ಎಂದು.

ಹುಡುಗ ಬದುಕಿದ. ಗುಂಡಕಲ್ಲಿನಂತೆ ಬೆಳೆದ. ಹುಡುಗಿಯರ ಜೊತೆ ಕುಂಟಬಿಲ್ಲೆ ಆಡಿದ, ಹುಡುಗರ ಜೊತೆ ಪರಕಾರ ಎತ್ತಿ ಕಟ್ಟಿ ಚಿಣ್ಣಿಕೋಲು ಆಡಿದ. ತಾನು ಗಂಡು ಎಂಬುದು ಅವನಿಗೆ ಗೊತ್ತಿತ್ತು. ಪರಕಾರ ಒಂದು ದಿನ ಹೋಗುತ್ತದೆ ಎಂಬುದೂ ಗೊತ್ತಿತ್ತು. ಹಾಲುಹಲ್ಲು ಬಿದ್ದ ಹಾಗೆ ಅದೂ ಬೀಳುತ್ತದೆ ಎಂದುಕೊಂಡಿದ್ದ. ನಲವತ್ತೇಳರ ಆಗಸ್ಟಿನಲ್ಲಿ ಶಾಲೆಯ ಮುಂದೆ ಬಾವುಟ ಏರಿಸಿದಾಗ ಮಾಸ್ತರರು ಗಂಡುಮಕ್ಕಳದೊಂದು, ಹೆಣ್ಣುಮಕ್ಕಳದೊಂದು ಸಾಲು ಮಾಡಿದರು. ಹೆಣ್ಣುಮಕ್ಕಳ ಸಾಲಿನ ಕೊನೆಗೆ ನಿಂತ ಬೀರಸಿದ್ದಪ್ಪ ಇನ್ನೆರಡು ತಿಂಗಳು ಎಂದು ಎಣಿಸಿದ. ದೇಶದ್ದು ಇವತ್ತು, ತನ್ನದು ದಸರೆಗೆ.

ಅಪ್ಪ ಕಲ್ಲಪ್ಪ ಗೋಕಾಕದ ಸಂತೆಯಿಂದ ಧೋತರ, ಅಂಗಿ, ರುಮಾಲು ತಂದು ಗೋಡೆಯ ಮಾಡದಲ್ಲಿಟ್ಟ. ಬನ್ನಿ ಮುಡಿಯುವ ದಿನ ಶಾಸ್ತ್ರವೆಂದು ಗೊತ್ತುಮಾಡಿದರು. ಕೊಣ್ಣೂರಿನ ಕಡೆ ರೈತರ ಹೊಲಗಳಲ್ಲಿ ಕುರಿ ನಿಲ್ಲಿಸಿದ್ದ ಕಲ್ಲಪ್ಪ, ಮಗನ ಶಾಸ್ತ್ರಕ್ಕೆಂದು ಹಿಂದಿನ ದಿನವೇ ಹಿಂಡು ಹೊಡೆದುಕೊಂಡು ಊರಿಗೆ ಹೊರಟಿದ್ದ. ಜೊತೆಗೆ ಗೆಳೆಯ ಉದ್ದಪ್ಪನಿದ್ದ.

ಇತ್ತ ಮನೆಯಲ್ಲಿ ಶೆಟ್ಟೆವ್ವ ಒಂದು ತಪ್ಪು ಮಾಡಿದಳು. ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಹನ್ನೆರಡು ವರ್ಷ ಮಗನನ್ನು ಮಗನ ವೇಷದಲ್ಲಿ ನೋಡದವಳ ಆಸೆ ಅದು. ಇಳಿಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿ, ಮಾಡದಿಂದ ಧೋತರ ತೆಗೆದಳು.

"ಬಾ ಇಲ್ಲಿ, ಉದ್ದ ಬರೋಬರಿ ಆಗತೈತೇನ ನೋಡೂಣು."

"ಗುಡ್ಯಾಗ ಅಲ್ಲೇನಬೇ ಬಿಚ್ಚೂದು?"

"ನಾಳಿ ಗುಡ್ಯಾಗ ಬಿಚ್ಚೂದು ಇದ್ದs ಐತಿ. ಇದು ಬರೇ ಅಳತಿ ನೋಡಾಕ."

ತಾನೇ ಲಾಡಿ ಬಿಚ್ಚಿದಳು. ಧೋತರ ಉಡಿಸಿ, ರುಮಾಲು ಸುತ್ತಿ, ಗೋಡೆಯಿಂದ ಗೋಡೆಗೆ ಎರಡು ಸಲ ನಡೆಸಿದಳು. "ಥೇಟ ನಿಮ್ಮಪ್ಪನ ಹಂಗ ಕಾಣ್ತಿಯಲ್ಲೋ" ಎಂದು ಮುಖ ಸವರಿ ನೆಟಿಕೆ ಮುರಿದಳು. ಅಷ್ಟರಲ್ಲಿ ಮೂಡಣದ ಕಡೆ ಗುಡುಗಿತು. ಚಿತ್ತಿ ಮಳೆಯ ಕಾಲ. ಗಡಬಡಿಸಿ ಎಲ್ಲ ಬಿಚ್ಚಿ ಮತ್ತೆ ಪರಕಾರ ಕಟ್ಟಿದಳು. ಹುಡುಗ ನಗುತ್ತಿದ್ದ. ಅಷ್ಟು ಹೊತ್ತು, ಒಂದು ಎಲೆ-ಅಡಿಕೆ ಜಗಿಯುವಷ್ಟು ಹೊತ್ತು, ಅವನು ಗಂಡಸಾಗಿದ್ದ.

ಸಂಜೆ ಕುರಿಗಳು ಬಂದವು. ಅವುಗಳ ಹಿಂದೆ ಉದ್ದಪ್ಪ ಒಬ್ಬನೇ ಬಂದ. ತಲೆಯ ಮೇಲೆ ರುಮಾಲಿರಲಿಲ್ಲ.

"ಗಿಡದ ಬುಡಕ ನಿಂತಿದ್ದ ಶೆಟ್ಟೆವ್ವಾ. ನಾ ಮರಿ ಹಿಡ್ಯಾಕ ಅತ್ತಾಗ ಹೋಗಿದ್ನಿ. ಸಿಡ್ಲು ಬಡೀತು."

"ಯಾವಾಗ?"

"ಇಳಿಹೊತ್ತಿನಾಗ. ದನಾ ನೀರಿಗಿ ಬಿಡೂ ಹೊತ್ತು."

ಶೆಟ್ಟೆವ್ವ ಅಳಲಿಲ್ಲ. ತಿರುಗಿ ಮಗನನ್ನು ನೋಡಿದಳು. ಬೀರಸಿದ್ದಪ್ಪ ಆ ನೋಟವನ್ನು ಸಾಯುವ ತನಕ ಮರೆಯುವವನಲ್ಲ. ಓಣಿಯ ಹೆಂಗಸರು ಓಡಿ ಬರುವ ಮುಂಚೆ ಅವಳು ಅವನ ಬಾಯಿಯ ಮೇಲೆ ಅಂಗೈ ಒತ್ತಿ, "ಯಾರ ಮುಂದೂ ಹೇಳಬ್ಯಾಡ. ನಾನs ಕೊಂದೇನಿ ಅವನ್ನ" ಎಂದಳು.

ಮರುದಿನ ಮಣ್ಣು ಕೊಡಬೇಕಾದ ಮಗ ಪರಕಾರದಲ್ಲಿದ್ದ. ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಆದ್ದರಿಂದ ಅವನೂ ಹೋಗಲಿಲ್ಲ. ಧೋತರ ಉಡಿಸಿ ಕಳಿಸಿರೆಂದು ಹಿರಿಯರು ಹೇಳಿದಾಗ ಶೆಟ್ಟೆವ್ವ ಚೀರಿಕೊಂಡ ರೀತಿಗೆ ಅವರೇ ಹಿಂದೆ ಸರಿದರು. ಮಣ್ಣು ಕೊಟ್ಟವನು ಸೋದರಮಾವ ಗುಡ್ಡಪ್ಪ. ಹುಕ್ಕೇರಿ ಕಡೆಯ ಹಳ್ಳಿಯಿಂದ ಅಳಿಯನಿಗೆ ಧೋತರ ಕೊಡಲು ಬಂದವನು ಭಾವನ ಗುಂಡಿ ಮುಚ್ಚಿ ಹೋದ. ಬೀರಸಿದ್ದಪ್ಪ ಹೆಂಗಸರ ನಡುವೆ ಗೋಡೆಗೆ ಒರಗಿ ಕುಳಿತಿದ್ದ.

ಸೂತಕದ ವರ್ಷ ಕಳೆಯಲಿ ಎಂದು ಲಗಮಪ್ಪ ಶಾಸ್ತ್ರವನ್ನು ಮುಂದಕ್ಕೆ ಹಾಕಿದ. ವರ್ಷ ಕಳೆಯಿತು. ಶೆಟ್ಟೆವ್ವ ಆ ದಸರೆಗೆ ಮೈಯಲ್ಲಿ ಹುಷಾರಿಲ್ಲ ಎಂದಳು. ಅದರ ಮುಂದಿನ ವರ್ಷ ಹಲ್ಲಿ ನುಡಿಯಿತು, ಅದರ ಮುಂದಿನ ವರ್ಷ ಕನಸಿನಲ್ಲಿ ದೇವಿ ಬೆನ್ನು ತಿರುಗಿಸಿದಳು. ಮಾಡದವರಿಗೆ ನೆವ ಮುನ್ನೂರು. ಊರಿನವರು ಮೊದಲು ಕೇಳಿದರು, ಆಮೇಲೆ ನಕ್ಕರು, ಆಮೇಲೆ ಅದೂ ಬೇಸರವಾಗಿ ಸುಮ್ಮನಾದರು. ಮಗನ ದನಿ ಒಡೆಯಿತು. ಮೀಸೆ ಬಂತು. ಹದಿನಾರರಲ್ಲಿ ಅವನು ಅಪ್ಪನಷ್ಟು ಎತ್ತರವಾದ, ಟಗರನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ, ಮತ್ತು ಪರಕಾರದಲ್ಲೇ ಇದ್ದ.

ಅವನೇ ಯಾಕೆ ಬಿಚ್ಚಿ ಒಗೆಯಲಿಲ್ಲ ಎಂದು ಕೇಳುವವರು ಇರುತ್ತಾರೆ. ಗುಡ್ಡದ ಮೇಲೆ ಕುರಿಗಳನ್ನು ಬಿಟ್ಟರೆ ನೋಡುವವರಿರಲಿಲ್ಲ. ಲಾಡಿಗೆ ಅವನ ಕೈ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಗಂಟಿನ ತುದಿ ಹಿಡಿಯುತ್ತಿದ್ದ, ಕೊಣ್ಣೂರ ಹಾದಿಯ ಆ ಗಿಡ ನೆನಪಾಗುತ್ತಿತ್ತು. ಅಳತೆ ನೋಡಿದ್ದಕ್ಕೇ ಅಪ್ಪ ಹೋದ. ಈಗ ಮನೆಯಲ್ಲಿ ಉಳಿದಿದ್ದವಳು ಅವ್ವ ಒಬ್ಬಳೇ. ದೇವಿ ಯಾರನ್ನು ಎತ್ತಿಕೊಳ್ಳುತ್ತಾಳೆ ಎಂದು ತಿಳಿಯಲು ಪಂಚಾಂಗ ಬೇಕಿರಲಿಲ್ಲ. ಕೈ ಹಿಂದೆ ತೆಗೆಯುತ್ತಿದ್ದ. ಅವನಿಗೆ ದೇವಿಯ ಭಯವಿತ್ತು, ಅವ್ವನ ಮೇಲೆ ಜೀವವಿತ್ತು. ಇವೆರಡೂ ಇದ್ದ ಮೇಲೆ ಹಗ್ಗ ಬೇರೆ ಬೇಕೇ?

ಮೈ ಬೆಳೆದಂತೆ ಬಟ್ಟೆಯೂ ಬೆಳೆಯಿತು. ಮೂಡಲಗಿಯ ಟೇಲರ್ ಅಳತೆ ಕೇಳಿ, "ಭಾರಿ ಎತ್ತರದ ಹೆಣ್ಣಲ್ಲಬೇ, ಎಲ್ಲಿಗಿ ಕೊಟ್ಟೀರಿ?" ಎಂದ ದಿನದಿಂದ ಶೆಟ್ಟೆವ್ವ ಮನೆಯಲ್ಲೇ ಕೈಹೊಲಿಗೆ ಹಾಕತೊಡಗಿದಳು. ಪೋಲ್ಕಾದ ಮೇಲೆ ಅವನು ಸದಾ ಕಂಬಳಿ ಹೊದೆಯುತ್ತಿದ್ದ, ಬೇಸಗೆಯಲ್ಲೂ. ನಾವಿದ ಕಟ್ಟೆಯ ಮೇಲೆ ಕೂರಿಸಿ ಗಡ್ಡ ಕೆರೆಯಲು ಒಪ್ಪದೆ ಕುರಿಹಟ್ಟಿಗೇ ಬಂದು ಕೆರೆದು ಹೋಗುತ್ತಿದ್ದ. ನೀರಿಗೆ ಹೋದರೆ ಹೆಂಗಸರು ಸೆರಗು ಸರಿಮಾಡಿಕೊಂಡು ದೂರ ಸರಿಯುತ್ತಿದ್ದರು, ಕಟ್ಟೆಗೆ ಹೋದರೆ ಗಂಡಸರ ಮಾತು ನಿಲ್ಲುತ್ತಿತ್ತು. ಮದುವೆಯ ಊಟದಲ್ಲಿ ಗಂಡಸರ ಪಂಗತಿಯೂ ಹೆಂಗಸರ ಪಂಗತಿಯೂ ಎದ್ದ ಮೇಲೆ ಅಡುಗೆಯವರ ಜೊತೆ ಅವನಿಗೆ ಎಲೆ. ಕುರಿಗಳಿಗೆ ಮಾತ್ರ ಇದರಲ್ಲಿ ಯಾವ ತಕರಾರೂ ಇರಲಿಲ್ಲ.

ಐವತ್ತೇಳರಲ್ಲಿ ಚುನಾವಣೆ ಬಂತು. ಬೀರಸಿದ್ದಪ್ಪನಿಗೆ ಇಪ್ಪತ್ತೊಂದು ದಾಟಿತ್ತು, ಪಟ್ಟಿಯಲ್ಲಿ ಹೆಸರಿತ್ತು. ಯಾರೋ ಅದನ್ನು ಓದಿ ಹೇಳಿದಾಗ ಅವನ ಎದೆ ಒಂದು ಗೇಣು ಉಬ್ಬಿತು: ಬೀರಸಿದ್ದಪ್ಪ, ತಂದೆ ಕಲ್ಲಪ್ಪ, ಗಂಡು. ಹಾಗೆಂದು ಕಾಗದದ ಮೇಲೆ ಬರೆದದ್ದು ಅದೇ ಮೊದಲು. ಮಿಂದು, ಒಗೆದ ಪರಕಾರ ಉಟ್ಟು, ಕಂಬಳಿ ಹೊದ್ದು ಶಾಲೆಗೆ ಹೋದ. ಅಲ್ಲಿ ಮತ್ತೆ ಎರಡು ಸಾಲು. ಗಂಡಸರ ಸಾಲಿಗೆ ನಿಂತ. ಮುಂದಿನವನು ತಿರುಗಿ ನೋಡಿ ನಕ್ಕ, ಅದಕ್ಕೂ ಮುಂದಿನವನು ನಕ್ಕ. ನಗು ಬಾಗಿಲಿನವರೆಗೆ ಹೋಗಿ ಒಳಗಿದ್ದ ಸಾಹೇಬನನ್ನು ಹೊರಗೆ ತಂದಿತು.

"ಏನಮ್ಮಾ, ಹೆಂಗಸರ ಸಾಲು ಆ ಕಡೆ ಐತಲ್ಲ."

"ನಾ ಗಂಡಸ್ರಿ ಸಾಹೇಬ್ರ."

ಸಾಹೇಬ ಪರಕಾರ ನೋಡಿದ, ಮುಖ ನೋಡಿದ, ಮೂಗುತಿ ನೋಡಿದ. ಪಟ್ಟಿಯಲ್ಲಿ ಬೆರಳಿಟ್ಟ. "ಬೀರಸಿದ್ದಪ್ಪ ಅನ್ನಾಂವ ನೀನಾ? ಹಿಂಗ ವೇಷಾ ಹಾಕ್ಕೊಂಡು ಬಂದ್ರ ನಾ ಹೆಂಗ ನಂಬ್ಲಿ? ಯಾರರ ಸಾಕ್ಷಿ ಹೇಳ್ರಿ, ಇಂವ ಗಂಡಸ ಅಂತ."

ಇಡೀ ಸಾಲಿಗೆ ಗೊತ್ತಿತ್ತು. ಆದರೆ ಚಾವಡಿಯ ತಮಾಷೆ ಮನೆ ಬಾಗಿಲಿಗೆ ಬಂದಾಗ ಬಿಡುವವರು ಯಾರು? ಒಬ್ಬ ಆಕಾಶ ನೋಡಿದ, ಒಬ್ಬ ಬೀಡಿ ಹಚ್ಚಿದ. "ನಮಗೇನ ಗೊತ್ರಿ, ನಾವು ಬಿಚ್ಚಿ ನೋಡೇವೇನು" ಎಂದು ಒಬ್ಬ ಅಂದದ್ದೇ ತಡ, ಎರಡೂ ಸಾಲು ಬಿದ್ದು ಬಿದ್ದು ನಕ್ಕವು. ಕೊನೆಗೆ ಉದ್ದಪ್ಪ ಸಿಟ್ಟಿನಿಂದ ಮುಂದೆ ಬಂದು ಸಾಕ್ಷಿ ಹೇಳುವಷ್ಟರಲ್ಲಿ ಬೀರಸಿದ್ದಪ್ಪ ಅಲ್ಲಿರಲಿಲ್ಲ.

ನಗುವಿಗೆ ಬಸ್ಸು ಬೇಕಾಗಿಲ್ಲ. ವಾರದೊಳಗೆ ಅದು ಹುಕ್ಕೇರಿ ಮುಟ್ಟಿತು. ಸೋದರಮಾವ ಗುಡ್ಡಪ್ಪನಿಗೆ ರಾಯವ್ವ ಎಂಬ ಮಗಳಿದ್ದಳು. ಹುಟ್ಟಿದಾಗಲೇ ಬೀರಸಿದ್ದಪ್ಪನ ಹೆಸರಿಗೆ ಆಡಿಟ್ಟ ಹೆಣ್ಣು. ಹದಿನೇಳು ನಡೆಯುತ್ತಿತ್ತು, ಇನ್ನೂ ಕೊಟ್ಟಿರಲಿಲ್ಲ. ಅಕ್ಕನ ಮನೆಗೆ ಆಡಿದ ಮಾತೆಂದು ಗುಡ್ಡಪ್ಪ ಕಾದಿದ್ದ. ನಗುವನ್ನು ಕೇಳಿದವನೇ ಮಗಳನ್ನೂ ಕರೆದುಕೊಂಡು ತುಕ್ಕಾನಟ್ಟಿಗೆ ಬಂದ.

"ಅಕ್ಕಾ, ಇದು ಕಡೀ ಮಾತು. ಯುಗಾದಿ ಆದ ಮೊದಲನೇ ಮಂಗಳವಾರ ಅಳಿಯ ಧೋತರಾ ಉಟ್ರ ಅಲ್ಲೇ ಅರಿಶಿಣ ಹಚ್ಚೂಣು. ಇಲ್ಲಂದ್ರ ನನ್ನ ಮಗಳಿಗಿ ಹುಕ್ಕೇರ್ಯಾಗ ಒಂದ ಮನೀ ಕೇಳಾಕತ್ತಾರ."

ರಾಯವ್ವ ಹಿತ್ತಲಿನಲ್ಲಿ ಕುರಿಮರಿಗೆ ಎಲೆ ತಿನ್ನಿಸುತ್ತಿದ್ದಳು. ಬೀರಸಿದ್ದಪ್ಪ ಕಂಬಳಿಯನ್ನು ಕಾಲಿನವರೆಗೆ ಎಳೆದುಕೊಂಡು ದೂರ ನಿಂತ.

"ನಗಾಕ ಬಂದಿಯೇನ?"

"ನಗೂದಿದ್ರ ಅಲ್ಲೇ ಕುಂತು ನಗತಿದ್ನಿ, ಇಲ್ಲೀತನಾ ಯಾಕ ಬರ್ಲಿ?" ಎಂದಳು ಅವಳು. ಮರಿಯ ಬಾಯಿಂದ ಎಲೆ ಬಿಡಿಸುತ್ತ, ತಲೆ ಎತ್ತದೆ, "ನಿಮ್ಮವ್ವಗ ಹೇಳು. ನಾ ಮಂಗಳವಾರದ ತನಕ ಕಾಯ್ತೇನಿ. ಆಮ್ಯಾಲ ನನ್ನ ಕೈಯಾಗ ಇಲ್ಲ" ಎಂದಳು.

ಇಪ್ಪತ್ತೊಂದು ವರ್ಷದಲ್ಲಿ ಅವನನ್ನು ಗಂಡನೆಂದು ಕಾಯುತ್ತೇನೆ ಅಂದ ಜೀವ ಅದೊಂದೇ. ಬೀರಸಿದ್ದಪ್ಪ ಆ ದಿನದಿಂದ ಅವ್ವನ ಬೆನ್ನು ಬಿಡಲಿಲ್ಲ. ಬೇಡಿದ, ಉಪವಾಸ ಬಿದ್ದ, ಮೂರು ದಿನ ಮಾತು ಬಿಟ್ಟ. "ನಿನಗ ಏನರ ಆದ್ರ ಆಗ್ಲಿ ಅನ್ನೂ ಮಗ ಅಲ್ಲಬೇ ನಾ. ಗುಡಿ ಮುಂದ, ಶಾಸ್ತ್ರ ಪ್ರಕಾರ ಬಿಚ್ಚಿದ್ರ ದ್ಯಾಮವ್ವ ಯಾಕ ಸಿಟ್ಟ ಆಗ್ತಾಳ?" ಎಂದ. ನಾಲ್ಕನೆಯ ದಿನ ಶೆಟ್ಟೆವ್ವ ಆಗಲಿ ಎಂದಳು. ಅವತ್ತು ಅವನು ಗುಡ್ಡದ ಮೇಲೆ ಕುರಿಗಳ ನಡುವೆ ಕುಳಿತು ಅತ್ತ. ಖುಷಿಗೆ ಅತ್ತದ್ದು ಅವನ ಜೀವಮಾನದಲ್ಲಿ ಅದೊಂದೇ ಸಲ.

ಮಂಗಳವಾರ ಊರೆಲ್ಲ ಗುಡಿಯ ಮುಂದೆ ನೆರೆಯಿತು. ನಾಲ್ವರು ಕಂಬಳಿ ಹಿಡಿದು ಮರೆಮಾಡಿದರು. ಒಳಗೆ ಬೀರಸಿದ್ದಪ್ಪ, ಒದ್ದೆ ಸೀರೆಯಲ್ಲಿ ಶೆಟ್ಟೆವ್ವ, ಧೋತರ ಹಿಡಿದ ಗುಡ್ಡಪ್ಪ, ಭಂಡಾರದ ಬಟ್ಟಲಿನೊಂದಿಗೆ ಮುದುಕನಾಗಿದ್ದ ಲಗಮಪ್ಪ. ಹೊರಗೆ ಹೆಂಗಸರ ನಡುವೆ ರಾಯವ್ವ. ಲಗಮಪ್ಪ "ಹೂಂ, ಬಿಚ್ಚು ತಾಯಿ" ಎಂದ.

ಶೆಟ್ಟೆವ್ವ ಬಲಗೈಯಿಂದ ಲಾಡಿಯ ತುದಿ ಹಿಡಿದಳು. ಹಿಡಿದವಳು ಹಾಗೇ ನಿಂತಳು.

"ಬಿಚ್ಚಬೇ" ಎಂದ ಅವನು.

"ಒಮ್ಮಿ ಬಿಚ್ಚೇನಿ" ಎಂದಳು ಶೆಟ್ಟೆವ್ವ. ದನಿ ಕಂಬಳಿಯ ಹೊರಗೂ ಕೇಳಿತು. "ಒಂದ ದಿನ ಮೊದಲ, ಮನ್ಯಾಗ, ಈ ಕೈಲೇ ಬಿಚ್ಚಿ ಧೋತರಾ ಉಡಿಸಿ ನೋಡಿದ್ನಿ. ಅದs ಹೊತ್ತಿಗಿ ನನ್ನ ಗಂಡನ್ನ ಸಿಡ್ಲು ಹೊಡೀತು. ಈಗ ಬಿಚ್ಚಿದ್ರ ಯಾರ ಪಾಳಿ? ನಾ ಹ್ವಾದ್ರ ಹೋಗ್ಲಿ, ಹಣ್ಣಾದ ಜೀವ. ಈ ಮನಿಗಿ ಬರೂ ಹುಡುಗಿ ಹ್ವಾದ್ರ? ಇಂವನs ಹ್ವಾದ್ರ?"

ಹತ್ತು ವರ್ಷ ಒಬ್ಬ ಮಗನ ಹೊರತು ಯಾರಿಗೂ ಹೇಳದ ಮಾತನ್ನು ಅವಳು ಊರ ಮುಂದೆ ಹೇಳಿದಳು, ಅದೂ ಆ ಗಳಿಗೆಯಲ್ಲಿ. ಗುಡ್ಡಪ್ಪನ ಕೈಯಲ್ಲಿದ್ದ ಧೋತರ ಮೆಲ್ಲಗೆ ಅವನ ಹೆಗಲಿಗೆ ಹೋಯಿತು. ಅವನು ಕೆಟ್ಟವನಲ್ಲ, ಮಗಳ ತಂದೆ. ಲಗಮಪ್ಪ ಬಟ್ಟಲು ಕೆಳಗಿಟ್ಟು, "ಹರಕಿ ಅವತ್ತs ಕೆಟ್ಟೈತಿ. ಕೆಟ್ಟದ್ದಕ್ಕ ನನ್ನ ಕಡೆ ಶಾಸ್ತ್ರ ಇಲ್ಲವಾ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಕಂಬಳಿ ಹಿಡಿದವರ ಕೈ ಸೋತು ಮರೆ ಇಳಿಯಿತು. ಎಲ್ಲರಿಗೂ ಕಂಡದ್ದು ಇಷ್ಟು: ಮೀಸೆ ಬೋಳಿಸಿದ ಎತ್ತರದ ಗಂಡಸು ಹೊಸ ಪರಕಾರದಲ್ಲಿ ನಿಂತಿದ್ದಾನೆ, ಅವನ ನಡುವಿನ ಲಾಡಿ ಹಿಡಿದು ಮುದುಕಿ ಅಳುತ್ತಿದ್ದಾಳೆ. ಆ ದಿನ ಮಾತ್ರ ಯಾರೂ ನಗಲಿಲ್ಲ.

ಗುಡ್ಡಪ್ಪ ರಾಯವ್ವನ ಕೈ ಹಿಡಿದುಕೊಂಡು ಹೊರಟ. ಅವಳು ಎರಡು ಸಲ ತಿರುಗಿ ನೋಡಿದಳು. ಅದೇ ಬೇಸಗೆಯಲ್ಲಿ ಹುಕ್ಕೇರಿಯ ಮನೆಗೆ ಅವಳನ್ನು ಕೊಟ್ಟರು. ಬೀರಸಿದ್ದಪ್ಪ ಮದುವೆಗೆ ಹೋಗಲಿಲ್ಲ. ಅವ್ವನೊಡನೆ ಜಗಳವನ್ನೂ ಆಡಲಿಲ್ಲ. ಜಗಳ ಆಡುವುದು ಏನಾದರೂ ಸಿಗುತ್ತದೆ ಎಂಬ ಆಸೆ ಇದ್ದವರು.

ಮತ್ತೆ ಆರು ವರ್ಷ ಕುರಿಗಳ ಹಿಂದೆ ಹೋದವು. ಅರವತ್ಮೂರರಲ್ಲಿ ಶೆಟ್ಟೆವ್ವನಿಗೆ ಲಕ್ವಾ ಹೊಡೆಯಿತು. ಬಲಗಡೆ ಇಡೀ ಬಿದ್ದುಹೋಯಿತು. ಬೀರಸಿದ್ದಪ್ಪ ಹಿಂಡಿನ ಅರ್ಧವನ್ನು ಉದ್ದಪ್ಪನ ಕಡೆ ಬಿಟ್ಟು ಮನೆಯಲ್ಲೇ ನಿಂತ. ನುಚ್ಚು ಉಣಿಸಿದ, ಮೈ ಒರೆಸಿದ, ಹಾಸಿಗೆ ಬದಲಿಸಿದ, ದಿನಾ ತಲೆ ಬಾಚಿ ಹೆರಳು ಹಾಕಿದ. ನೋಡಲು ಬಂದ ಇಂದ್ರವ್ವ, "ಹೊಟ್ಟೀಲಿ ಹುಟ್ಟಿದ ಹೆಣ್ಣಮಕ್ಕಳೂ ಹಿಂಗ ಮಾಡೂದಿಲ್ಲವಾ" ಎಂದಳು. ಹೊಗಳಿಕೆಯೇ ಅದು. ಅವನಿಗೆ ಅದು ಎಲ್ಲಿ ಚುಚ್ಚಿತು ಎಂದು ಅವಳಿಗೆ ಗೊತ್ತಾಗಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಶೆಟ್ಟೆವ್ವ ತೊದಲುತ್ತ ಅವನನ್ನು ಹತ್ತಿರ ಕರೆದಳು.

"ನನ್ನನ್ನ ಗುಡೀಗಿ ಹೊತಗೊಂಡ ನಡಿ. ಬಿಚ್ಚತೇನಿ."

ಬೀರಸಿದ್ದಪ್ಪ ಅವಳ ಮುಖವನ್ನೇ ನೋಡಿದ.

"ನಾ ಹೊಂಟೇನಿ ಮಗಾ. ಎತಗೊಳ್ಳೂದಿದ್ರ ದ್ಯಾಮವ್ವ ನನ್ನs ಎತಗೊಳ್ಳಲಿ. ಇನ್ನ ನನಗ ಅಂಜಿಕಿ ಇಲ್ಲ."

ಹದಿನೇಳು ವರ್ಷ ಕಾದ ಮಾತು ಅದು. ಅವಳನ್ನು ಕಂಬಳಿಯಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ಗುಡಿಗೆ ಓಡಿದ. ಗುಡಿಯ ಮುಂದೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಅವಳನ್ನು ಒರಗಿಸಿ ಎದುರಿಗೆ ಮಂಡಿಯೂರಿದ. ಅವಳ ಬಲಗೈ ತೊಡೆಯ ಮೇಲೆ ಸತ್ತು ಬಿದ್ದಿತ್ತು. ಎಡಗೈ ಮೆಲ್ಲಗೆ ಎದ್ದು ಲಾಡಿಯ ಹತ್ತಿರ ಬಂದು ನಿಂತಿತು.

"ಎಡಗೈಲೆ ಬರೂದಿಲ್ಲಲ್ಲೋ" ಎಂದಳು.

ಬೀರಸಿದ್ದಪ್ಪ ಅವಳ ಬಲಗೈ ಎತ್ತಿದ. ಬೆರಳುಗಳನ್ನು ಒಂದೊಂದಾಗಿ ಮಡಚಿ ಲಾಡಿಯ ತುದಿ ಹಿಡಿಸಿದ. ಬಿಟ್ಟಕೂಡಲೇ ಅವು ಬಿಚ್ಚಿಕೊಂಡವು. ಮತ್ತೆ ಹಿಡಿಸಿದ. ಮತ್ತೆ ಬಿಚ್ಚಿಕೊಂಡವು. ಕೊನೆಗೆ ಅವಳ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಎಳೆಯಲು ಹೋದ. ಹೋಗಿ, ಅವಳ ಕಣ್ಣು ನೋಡಿ ನಿಂತ. ಎಳೆಯುತ್ತಿದ್ದದ್ದು ಅವನ ಕೈ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಒಳಗೆ ಕುಳಿತವಳಿಗೂ ಗೊತ್ತಿರಲೇಬೇಕು. ಅವಳ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದ. ಆಮೇಲೆ ಅವಳನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ ಮನೆಗೆ ತಂದ.

ದೀಪಾವಳಿಗೆ ನಾಲ್ಕು ದಿನ ಮೊದಲು ಶೆಟ್ಟೆವ್ವ ಹೋದಳು. ಮಣ್ಣು ಕೊಡಲು ನೆರೆದಿದ್ದ ಹಿರಿಯರು ಈ ಸಲ ಅವನನ್ನು ಹೆಂಗಸರ ನಡುವೆ ಬಿಡಲಿಲ್ಲ. ಕಣ್ಣು ಮಂಜಾಗಿದ್ದ ಲಗಮಪ್ಪನನ್ನು ಕರೆಸಿ ಕೇಳಿದರು. ಅವನು, "ಬೇಡ್ಕೊಂಡ ಜೀವ ಹೋತು. ಹರಕಿನೂ ಅದರ ಬೆನ್ನ ಹತ್ತಿ ಹೋತು. ಇನ್ನ ಬಿಚ್ಚಾಕ ಅಡ್ಡಿಲ್ಲ" ಎಂದ. ಉದ್ದಪ್ಪ ತನ್ನದೊಂದು ಧೋತರ ತಂದುಕೊಟ್ಟ. ಬೀರಸಿದ್ದಪ್ಪ ಕೋಣೆಗೆ ಹೋಗಿ ತನ್ನ ಕೈಯಿಂದಲೇ ಲಾಡಿ ಬಿಚ್ಚಿದ. ಗಂಟು ಒಂದೇ ಎಳೆತಕ್ಕೆ ಬಂತು. ಧೋತರ ಉಡಲು ಬರದೆ ಉದ್ದಪ್ಪನನ್ನು ಒಳಗೆ ಕರೆಯಬೇಕಾಯಿತು. ಇಪ್ಪತ್ತೊಂಬತ್ತು ವರ್ಷದ ಗಂಡಸು ಗಂಡಸರ ನಡುವೆ ನಡೆದು ಹೋಗಿ, ಅವ್ವನಿಗೆ ಮಣ್ಣು ಕೊಟ್ಟು ಬಂದ.

ಬಂದವನು ಕಾಯತೊಡಗಿದ. ಲಗಮಪ್ಪ ಏನೇ ಹೇಳಲಿ, ಅವನ ಎದೆ ಒಪ್ಪಿರಲಿಲ್ಲ. ಬೇರೆ ಕೈ ಬಿಚ್ಚಿದೆ, ಬೇರೆ ಜಾಗದಲ್ಲಿ ಬಿಚ್ಚಿದೆ. ದೇವಿ ಬರುತ್ತಾಳೆ. ಮನೆಯಲ್ಲಿ ಉಳಿದವನು ತಾನೊಬ್ಬನೇ, ತನ್ನನ್ನೇ ಎತ್ತಿಕೊಳ್ಳುತ್ತಾಳೆ. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಮೋಡ ಕವಿದ ದಿನ ಬೇಕೆಂದೇ ಗಿಡದ ಬುಡಕ್ಕೆ ಹೋಗಿ ನಿಂತ. ಮೋಡ ಚದುರಿತು. ಒಂದು ದಿನ ಹುಕ್ಕೇರಿಯ ರಾಯವ್ವನ ನೆನಪಾಗಿ, ಈ ಮನೆಗೆ ಆಡಿಟ್ಟಿದ್ದ ಜೀವವೆಂದು ದೇವಿ ಅವಳನ್ನು ಎತ್ತಿಕೊಂಡಳೇನೋ ಎಂದು ಅಂಜಿ, ಹುಕ್ಕೇರಿ ಸಂತೆಗೆ ಹೊರಟವರ ಕೈಯಲ್ಲಿ ಕೇಳಿಸಿದ. ಅವಳು ಆರಾಮಾಗಿದ್ದಳು, ಮೂರು ಮಕ್ಕಳೂ ಆರಾಮಾಗಿದ್ದವು. ಕುರಿಗಳನ್ನು ದಿನಾ ಎಣಿಸಿದ. ಆ ಚಳಿಗಾಲದಲ್ಲಿ ಹಿಂಡಿನ ಒಂದು ಮರಿಯೂ ಸಾಯಲಿಲ್ಲ. ಎರಡು ಕುರಿ ಅವಳಿ ಈದವು.

ಊರಿನವರಿಗೆ ಖುಷಿಯಾಗಿತ್ತು. ಕಟ್ಟೆಯ ಮೇಲೆ ಜಾಗ ಬಿಟ್ಟರು, ಎಲೆ-ಅಡಿಕೆ ಕೊಟ್ಟರು, ಯಾವುದೋ ಹಳ್ಳಿಯಲ್ಲಿ ವಿಧವೆಯೊಬ್ಬಳಿದ್ದಾಳೆ ಎಂದು ಮಾತು ತೆಗೆದರು. ಅವನು ಎಲ್ಲಕ್ಕೂ ತಲೆ ಆಡಿಸಿದ. ಮನಸ್ಸು ಮಾತ್ರ ಒಂದು ತಿಂಗಳು, ಎರಡು ತಿಂಗಳು ಎಂದು ಎಣಿಸುತ್ತಿತ್ತು. ಏನೂ ಆಗಲಿಲ್ಲ. ಸಂಕ್ರಮಣ ಬಂತು, ಏನೂ ಆಗಲಿಲ್ಲ. ಹಾಗೆ ಏನೂ ಆಗದ ಒಂದು ಮುಂಜಾನೆ, ಅಪ್ಪನನ್ನು ಸಿಡಿಲು ಬರೀ ಸಿಡಿಲಾಗಿಯೇ ಹೊಡೆದಿರಬೇಕು ಎಂಬುದು ಅವನಿಗೆ ಹೊಳೆಯಿತು. ಅವನು ಅಂಗಳದಲ್ಲಿ ಕುಳಿತುಬಿಟ್ಟ. ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ, ಕುರಿಗಳು ದೊಡ್ಡಿಯಲ್ಲಿ ಒದರಿ ಒದರಿ ಸುಮ್ಮನಾದವು.

ಮರುದಿನ ಉದ್ದಪ್ಪ ಹಾಲಿಗೆಂದು ಬಂದಾಗ ಬೀರಸಿದ್ದಪ್ಪ ಹಿಂಡು ಬಿಡುತ್ತಿದ್ದ. ಪರಕಾರದಲ್ಲಿದ್ದ.

"ಏನಲೇ ಇದು? ಏನರ ಆತೇನ?"

"ಏನೂ ಆಗ್ಲಿಲ್ಲ ಕಾಕಾ."

"ಮತ್ಯಾಕ ಇದನ್ನ ಉಟ್ಟಿ?"

"ಏನೂ ಆಗ್ಲಿಲ್ಲಂತನs ಉಟ್ಟೇನಿ." ಅವನು ಲಾಡಿಗೆ ಇನ್ನೊಂದು ಗಂಟು ಹಾಕಿದ. "ಇದನ್ನ ಬಿಟ್ರೂ ಯಾರೂ ಸಾಯೂದಿಲ್ಲಂದ್ರ, ನಮ್ಮವ್ವ ಹದಿನೇಳ ವರ್ಷ ಅತ್ತದ್ದು ಸುಳ್ಳಾಗ್ತೈತಿ. ರಾಯವ್ವನ್ನ ಕಳಿಸಿದ್ದು ಸುಳ್ಳಾಗ್ತೈತಿ. ಅಷ್ಟೂ ಸುಳ್ಳ ಹೊರಾಕ ನನ್ನ ಕೈಲೆ ಆಗೂದಿಲ್ಲ ಕಾಕಾ. ಇದನ್ನಾದ್ರ ಹೊರತೇನಿ, ರೂಢಿ ಐತಿ."

ಉದ್ದಪ್ಪ ಚರಿಗೆ ಮುಂದೆ ಹಿಡಿದ. ಬೀರಸಿದ್ದಪ್ಪ ಅವನ ಚರಿಗೆಗೆ ಹಾಲು ಹಾಕಿಕೊಟ್ಟು, ಕಂಬಳಿ ಹೊದ್ದು, ಕುರಿಗಳನ್ನು ಗುಡ್ಡದ ಕಡೆ ಹೊಡೆದುಕೊಂಡು ಹೋದ.